ಕರಿಬಸಯ್ಯನ ಆರದ ಕಂಪ್ಯೂಟರು

ಬಾಯಿ ಇರುವ ಹೆಂಡತಿ ವರ್ಷವಿಡೀ ಸುಮ್ಮನಿದ್ದಳು; ಬಾಯೇ ಇಲ್ಲದ ಕಂಪ್ಯೂಟರು ಭಾವಮೈದುನನ ಎದುರು ಚಾಡಿ ಹೇಳಿತು. ನಾರಾಯಣಪೇಟೆಯ ಸೀರೆ ವ್ಯಾಪಾರಿ ಕರಿಬಸಯ್ಯನಿಗೆ ಈ ಸಿಟ್ಟು ಇನ್ನೂ ಇಳಿದಿಲ್ಲ.

ತೆಲಂಗಾಣ ರಾಜ್ಯ ಹುಟ್ಟಿದ ದಿನವೇ ಅದು ಅಂಗಡಿಗೆ ಬಂದಿತ್ತು. (ಅಂಗಡಿಯೆಂದರೆ ಮನೆಯ ಪಡಸಾಲೆ.) ಜೋಡಿಸಿಕೊಟ್ಟ ಮಹೇಂದರ್, "ಲಿನಕ್ಸ್ ಹಾಕೀನ್ರಿ ಸಾವ್ಕಾರ್ರ. ತಿಂಗಳುಗಟ್ಲೆ ಬಂದ್ ಮಾಡದಿದ್ರೂ ನಡೀತೈತಿ" ಅಂದ. ಅಷ್ಟು ಸಾಕಾಯಿತು. ಕರಿಬಸಯ್ಯ ಪೆಟ್ಟಿಗೆಗೆ ಮೂರು ಬೆರಳಿನ ವಿಭೂತಿ ಎಳೆದು, ಮಠದ ನಂದಾದೀಪದಂತೆ ಇದೂ ಆರಕೂಡದೆಂದು ರಾಜಾಜ್ಞೆ ಹೊರಡಿಸಿಬಿಟ್ಟ.

ಮೊದಲ ಬಲಿ ಮಿಕ್ಸಿ. ಅಜ್ಜನ ಕಾಲದ ವೈರಿಂಗು. ಮಿಕ್ಸಿ, ಕಂಪ್ಯೂಟರು ಎರಡನ್ನೂ ಒಟ್ಟಿಗೆ ಹಾಕಿದರೆ ಫ್ಯೂಜು ಹಾರುತ್ತಿತ್ತು. ಮಿಕ್ಸಿ ಅಟ್ಟ ಏರಿತು, ಹೆಂಡತಿ ಮಹಾಂತಮ್ಮ ಒಳಕಲ್ಲಿನ ಮುಂದೆ ರುಬ್ಬುತ್ತ ಕೂತಳು.

"ಏನ್ರೀ, ಅರದು ಅರದು ನನ್ನ ರಟ್ಟಿ ಬಿದ್ದೋಗ್ಯಾವ. ಒಂದೀಟು ಬಂದ್ ಮಾಡಿದ್ರ ನಿಮ್ಮ ರಾಜ್ಯ ಮುಳುಗತೈತೇನು?"

"ದೇವರ ದೀಪ ಆರಿಸಿ ಚಟ್ನಿ ಅರೀತಾರೇನು? ಕಲ್ಲಿನ ರುಚಿ ಮಿಕ್ಸಿಗೆ ಎಲ್ಲಿಂದ ಬರಬೇಕು!"

ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ ಶೇಂಗಾ ಚಟ್ನಿಗೆ ಬೆರಳು ನೆಕ್ಕುತ್ತ ಒಳಕಲ್ಲಿನ ಮಹಿಮೆ ಹಾಡುತ್ತಿದ್ದ. ಮಹಾಂತಮ್ಮ ಎದುರು ಮಾತಾಡದೆ ಇನ್ನಷ್ಟು ಬಡಿಸುತ್ತಿದ್ದಳು. (ಆಗಲೇ ಅವನು ಎಚ್ಚರಾಗಬೇಕಿತ್ತು.)

ಮರುವರ್ಷ ರಾಜ್ಯದ ಹುಟ್ಟುಹಬ್ಬಕ್ಕೆ ಅವಳ ತಮ್ಮ ಸಿದ್ದರಾಮೇಶ ಊಟಕ್ಕೆ ಬಂದ. ಮಕ್ತಲದಲ್ಲಿ ಅವನದು ಕಂಪ್ಯೂಟರ್ ಕಲಿಸುವ ಅಂಗಡಿ.

"ನಮ್ಮವು ವಾರಕ್ಕೊಮ್ಮೆ ನಿಂತುಬಿಡ್ತಾವ ಮಾವಾ."

ಕರಿಬಸಯ್ಯ ಮೀಸೆ ತಿರುವಿದ. "ಆಳೋ ಕೈ ಗಟ್ಟಿ ಇರಬೇಕಪ್ಪಾ. ಇದು ಒಂದು ಸಲ ಆರಿತ್ತಂದ್ರ, ನಿಮ್ಮ ಮನಿಮಂದಿಗೆಲ್ಲ ಈ ಕೈಲೇ ರೊಟ್ಟಿ ಬಡೀತೀನಿ!"

ಸಿದ್ದರಾಮೇಶ ಕೀಲಿಮಣೆಯ ಮೇಲೆ ಏನೋ ಒತ್ತಿದ. "ಯಾವಾಗಿಂದ ನಡದೈತಿ ಅಂತ ಇದ ಹೇಳತೈತಿ ನೋಡ್ರಿ. ಇವತ್ತು ಮುಂಜಾನೆ ನೀವು ಝಂಡಾ ಏರಿಸಾಕ ಹೋಗಿದ್ರಲ್ಲ, ಆಗ ಆರಿ ಮತ್ತ ಎದ್ದೈತಿ."

"ಸುಳ್ಳು ಬೊಗಳತೈತಿ!" ಕರಿಬಸಯ್ಯ ಮೇಜು ಗುದ್ದಿದ.

ಅಡುಗೆಮನೆಯಿಂದ ಮಹಾಂತಮ್ಮ ಬಂದಳು. "ಅದಕ್ಯಾಕ ಬೈತೀರಿ? ನೀವು ಹೊಸ್ತಿಲ ದಾಟಿದ್ರ ಅದನ್ನ ಮಲಗಸ್ತಿದ್ದೆ, ಅಟ್ಟದ ಮಿಕ್ಸಿ ಇಳಸ್ತಿದ್ದೆ. ನೀವು ಬರೋದ್ರೊಳಗ ಮತ್ತ ಎಬ್ಬಿಸಿ, ನಿಮ್ಮ ಬಿಲ್ಲಿನ ಪುಟ ತೆರೆದಿಡ್ತಿದ್ದೆ."

"ಹಂಗಾದ್ರ... ಚಟ್ನಿ?"

"ವರ್ಷಪೂರ್ತಿ ಹೊಗಳೀರಲ್ಲ, ಅದು ಮಿಕ್ಸೀದ."

"ಬಾಯಿಬಿಟ್ಟು ಹೇಳಬೇಕಿಲ್ಲೇನು?"

"ರಟ್ಟಿ ಬಿದ್ದೋಗ್ಯಾವ ಅಂತ ಹೇಳಿದ್ನಲ್ರೀ. ಕೇಳಿದ್ರೇನು?"

ಅವತ್ತಿನ ಊಟದಲ್ಲಿ ಕರಿಬಸಯ್ಯನಿಗೆ ಚಟ್ನಿ ಮೊದಲ ಸಲ ಕಹಿಯಾಯಿತು.

ಈಗ ಮಿಕ್ಸಿ ರಾಜಾರೋಷವಾಗಿ ಅಡುಗೆಮನೆಯಲ್ಲಿದೆ. "ಏನ್ರೀ" ಎಂಬ ಕೂಗು ಬಂದರೆ ಸಾಕು, ಕರಿಬಸಯ್ಯ ತಾನೇ ಎದ್ದು ನಂದಾದೀಪ ಆರಿಸುತ್ತಾನೆ. ಮಕ್ತಲದಿಂದ ತವರಿನ ಮಂದಿ ಬಂದಾಗಲೆಲ್ಲ ಮಹಾಂತಮ್ಮ ಜೋಳದ ಹಿಟ್ಟು ತುಂಬಿದ ಪರಾತವನ್ನು ತಂದು ಅವನ ಮುಂದಿಡುತ್ತಾಳೆ. ಆಗ ಅವನಿಗೆ ಗದ್ವಾಲದಲ್ಲಿ ತುರ್ತು ಕೆಲಸವಿರುವುದು ನೆನಪಾಗುತ್ತದೆ. ಮಾತು ಕೊಟ್ಟ ರೊಟ್ಟಿಗಳಲ್ಲಿ ಒಂದೂ ಇವತ್ತಿಗೂ ಹಂಚು ಕಂಡಿಲ್ಲ.