ನಡುವಿನ ಕುದುರೆ ದಾರಿ

ತುಂಬಿದ ಮನೆಯೇ ಭಾಗ್ಯ ಎನ್ನುವವರನ್ನು ನಾನು ಗಮನಿಸಿ ನೋಡಿದ್ದೇನೆ. ಅವರಿಗೆಲ್ಲ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಸ್ವಂತ ಕೋಣೆ ಇರುತ್ತದೆ. ಐವತ್ತೇಳು ಐವತ್ತೆಂಟನೇ ಇಸವಿಯ ಸುಮಾರಿಗೆ, ಜಯನಗರ ಅರ್ಧ ಬಡಾವಣೆ ಅರ್ಧ ರಾಗಿ ಹೊಲವಾಗಿದ್ದಾಗ, ನಮ್ಮ ಪುಟ್ಟ ಬಾಡಿಗೆ ಮನೆಯಲ್ಲಿ ಅಮ್ಮ, ಇಬ್ಬರು ತಮ್ಮಂದಿರು, ಗಂಡನ ಮೇಲೆ ಮುನಿಸಿಕೊಂಡು ಮಕ್ಕಳ ಸಮೇತ ಬಂದಿದ್ದ ಅಕ್ಕ, ಇವರೆಲ್ಲರ ಸಂದಿಯಲ್ಲಿ ಹೊಸದಾಗಿ ಮದುವೆಯಾದ ನಾನು ಮತ್ತು ನನ್ನ ಹೆಂಡತಿ ಗಿರಿಜೆ. ನಾನು ಹೆಂಡತಿಯ ಕಿವಿಯಲ್ಲಿ ಸಾರಿಗೆ ಉಪ್ಪು ಕಡಿಮೆ ಎಂದರೆ ಹಿತ್ತಲಿನಿಂದ ಅಕ್ಕ, "ನಂಗೆ ಸರಿಯಾಗೇ ಇತ್ತಪ್ಪ" ಎನ್ನುತ್ತಿದ್ದಳು. ಅಂಥ ಮನೆಯಲ್ಲಿ ಗಂಡಹೆಂಡತಿ ನೆಟ್ಟಗೆ ಜಗಳವಾಡುವುದಕ್ಕೂ ಆಗುತ್ತಿರಲಿಲ್ಲ.

ನಮ್ಮನ್ನು ಕಾಪಾಡಿದವನು ಬಸವಣ್ಣ. ಕತ್ರಿಗುಪ್ಪೆಯ ಆಚೆ ವೃಷಭಾವತಿಯ ದಂಡೆಯಲ್ಲಿ ಯಾವುದೋ ಪಾಳೆಯಗಾರನ ಕಾಲದ ತೋಪು, ಅದರೊಳಗೆ ಕಲ್ಲುಮಂಟಪ, ಮಂಟಪದಲ್ಲಿ ಒಂದು ಕಿವಿ ಮುರಿದ ಬಸವಣ್ಣ. ಸೋಮವಾರದ ಪೂಜೆಗೆ ಹೋಗುತ್ತೇವೆ ಎಂದರೆ ಅಮ್ಮ ಬೇಡ ಎನ್ನುವಂತಿರಲಿಲ್ಲ. ಮುಳ್ಳುಪೊದೆ ದಾಟಿ ಜೊತೆಗೆ ಬರುವ ಉತ್ಸಾಹವೂ ಯಾರಿಗೂ ಇರಲಿಲ್ಲ. ಬೀದಿಯ ತಿರುವಿನವರೆಗೆ ನಾನು ಗಂಭೀರವಾಗಿ ಸೈಕಲ್ ತಳ್ಳುತ್ತಿದ್ದೆ. ಆಮೇಲೆ ಗಿರಿಜೆ ಹೂವಿನ ಬುಟ್ಟಿ ಹಿಡಿದು ಕ್ಯಾರಿಯರ್ ಏರುತ್ತಿದ್ದಳು. ದೇವರಿಗೆ ಗಳಿಗೆಯ ಪೂಜೆ, ನಮಗೆ ಕತ್ತಲಾಗುವವರೆಗೆ ಮಾತು. ಅವಳು ಇಂಟರ್‌ಮೀಡಿಯೆಟ್ ಮುಗಿಸಿದವಳು. ಟೀಚರ್ ಟ್ರೇನಿಂಗಿಗೆ ಸೇರುವ ಆಸೆಯನ್ನು ಮೊದಲು ಹೇಳಿದ್ದೂ ಅಲ್ಲೇ.

"ಅತ್ತೆಯವ್ರಿಗೆ ನೀವೇ ಹೇಳ್ಬೇಕು ರೀ. ನಾನು ಹೇಳಿದ್ರೆ ಸೊಕ್ಕು ಅಂತಾರೆ."

"ಹೇಳ್ತೀನಿ. ಹೇಗೆ ಹೇಳೋದು ಅಂತ ಮುಂದಿನ ಸೋಮವಾರ ಕೂತು ಯೋಚನೆ ಮಾಡೋಣ" ಎಂದೆ. ಬಡಾವಣೆ, ಪಾರ್ಕು ಮಾಡಿಸುವ ಸರ್ಕಾರಿ ಕಚೇರಿಯಲ್ಲಿ ನಾನು ಗುಮಾಸ್ತ. ಯಾವ ವಿಷಯವನ್ನೂ ಮೊದಲ ಸಲಕ್ಕೇ ತೀರ್ಮಾನಿಸಿದ ಅಭ್ಯಾಸ ನಮ್ಮ ಕಚೇರಿಯಲ್ಲಿ ಯಾರಿಗೂ ಇಲ್ಲ.

ಹೀಗೆ ಸೋಮವಾರದಿಂದ ಸೋಮವಾರಕ್ಕೆ ಯೋಚಿಸುತ್ತಿರುವಾಗಲೇ ಆ ತೋಪು ನಮ್ಮ ದೊಡ್ಡ ಸಾಹೇಬರ ಕಣ್ಣಿಗೆ ಬಿತ್ತು. ಅವರಿಗೆ ಕುದುರೆ ಸವಾರಿಯ ಹುಚ್ಚು. ಹಳೆಯ ಮಂಟಪ, ಹೊಳೆ, ನೆರಳು ಎಲ್ಲವೂ ದೇವರು ಅವರ ಕುದುರೆಗೆಂದೇ ಮಾಡಿಟ್ಟದ್ದು ಅನ್ನಿಸಿರಬೇಕು. ಮುಳ್ಳು ಕಡಿಸಿದರು, ಗೇಟು ಇಡಿಸಿದರು, ತೋಪು ಪಾರ್ಕಾಯಿತು. ಹೊಳೆಯ ಉದ್ದಕ್ಕೂ ಮೂರು ದಾರಿ: ನೀರಿನ ಪಕ್ಕ ನಡೆಯುವವರಿಗೆ, ಬೇಲಿಯ ಪಕ್ಕ ಸೈಕಲ್ಲಿಗೆ, ನಡುವೆ ಇವೆರಡಕ್ಕಿಂತ ಅಗಲವಾಗಿ ಮರಳು ಹಾಸಿದ ಕುದುರೆ ದಾರಿ. ನಮ್ಮ ಕಡೆ ಕುದುರೆ ಎಂದರೆ ಜಟಕಾ ಎಳೆಯುವುದು. ಸವಾರಿಯ ಕುದುರೆ ಇದ್ದದ್ದು ಸಾಹೇಬರೊಬ್ಬರಿಗೆ, ಅದಕ್ಕೂ ಮೊಣಕಾಲು ನೋವು. "ಹೇಗಿದೆಯಯ್ಯಾ?" ಎಂದು ನನ್ನನ್ನೇ ಕೇಳಿದರು. "ಬಹಳ ಚೆನ್ನಾಗಿದೆ ಸಾರ್" ಎಂದೆ. ಅದು ನನಗೆ ಬಡ್ತಿ ಬರಬೇಕಿದ್ದ ವರ್ಷ.

ಪೂಜೆಗಾದರೆ ಇಬ್ಬರು ಸಾಕು. ಪಾರ್ಕು ಎಂದಮೇಲೆ ಮನೆಮಂದಿಯೆಲ್ಲ ಹೊರಡಬೇಕು, ಇಲ್ಲದಿದ್ದರೆ ಅದು ಕದ್ದು ಹೋದಂತೆ. "ದಾರಿ ಚೆನ್ನಾಗ್ ಮಾಡವ್ರಂತಲ್ಲೋ, ಇನ್ನು ನೀವಿಬ್ರೇ ಯಾಕೆ ಹೋಗ್ತೀರಾ?" ಎಂದರು ಅಮ್ಮ. ಮುಂದಿನ ಸೋಮವಾರ ಚಿತ್ರಾನ್ನದ ಡಬ್ಬಿಯೊಂದಿಗೆ ದಿಬ್ಬಣ ಹೊರಟಿತು. ಗೇಟಿನಲ್ಲಿ ಅಮ್ಮನೇ ಎಲ್ಲರನ್ನೂ ವಿಂಗಡಿಸಿದರು. "ಗಿರಿಜಾ, ನೀನು ನನ್ ಕೈ ಹಿಡ್ಕೊಳ್ಳೇ. ಅವ್ನು ಮಕ್ಕಳನ್ನ ಸೈಕಲ್ ಮೇಲೆ ಕೂರಿಸ್ಕೊಂಡ್ ಬರ್ತಾನೆ."

ಅಲ್ಲಿಂದ ಮುಂದೆ ಪ್ರತಿ ಸೋಮವಾರ ನನ್ನ ಹೆಂಡತಿ ಹೊಳೆಯ ಪಕ್ಕ, ನಾನು ಬೇಲಿಯ ಪಕ್ಕ, ನಡುವೆ ಸಾಹೇಬರ ಮರಳು. ಅದರ ಮೇಲೆ ಕಾಲಿಟ್ಟರೆ ಕಾವಲುಗಾರ ಸೀಟಿ ಊದುತ್ತಿದ್ದ. ಗಿರಿಜೆ ಆಚೆಯಿಂದ ಹುಬ್ಬೇರಿಸುತ್ತಿದ್ದಳು, ಹೇಳಿದಿರಾ ಎಂದು. ನಾನು ಈಚೆಯಿಂದ ಕೈ ತಿರುಗಿಸುತ್ತಿದ್ದೆ, ಮುಂದಿನ ವಾರ ಎಂದು. ಟ್ರೇನಿಂಗಿಗೆ ಅರ್ಜಿ ಹಾಕುವ ಕಾಲ ಮುಗಿಯಿತು. ಮರುವರ್ಷ ಅವಳು ಬಸುರಿ. ಅದರ ಮರುವರ್ಷ ಅವಳು ಹುಬ್ಬೇರಿಸುವುದನ್ನೇ ಬಿಟ್ಟಳು. ನನಗೆ ಅದರಿಂದ ನಿರಾಳವೇ ಆಯಿತು.

ಈಗ ಅಕ್ಕ ಗಂಡನ ಮನೆಗೆ ಹೋಗಿದ್ದಾಳೆ. ತಮ್ಮಂದಿರು ತಿಲಕ್ ನಗರದಲ್ಲಿ ಮನೆ ಮಾಡಿದ್ದಾರೆ, ಅಮ್ಮನೂ ಅಲ್ಲೇ. ನಮ್ಮ ಮನೆಯಲ್ಲಿ ಎಷ್ಟು ಗಟ್ಟಿಯಾಗಿ ಬೇಕಾದರೂ ಮಾತಾಡಬಹುದು, ಮಾತೇ ಇಲ್ಲ. ಸಾಹೇಬರಿಗೆ ವರ್ಗವಾಗಿ ಕುದುರೆ ದಾರಿಯ ಮೇಲೆ ಗರಿಕೆ ಬೆಳೆದಿದೆ. ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು ಮೊನ್ನೆ ಸೋಮವಾರ ನಾವಿಬ್ಬರೇ ಹೋಗಿದ್ದೆವು. ಮಂಟಪದಲ್ಲಿ ಕೂತು ನಾನು ಸಾಹೇಬರನ್ನು ಮನಸಾರೆ ಬೈದೆ. ಆ ಹಾಳು ಕುದುರೆ ಇಲ್ಲದಿದ್ದರೆ ನೀನು ಇಷ್ಟು ಹೊತ್ತಿಗೆ ಹೆಡ್‌ಮಿಸ್ಟ್ರೆಸ್ ಆಗಿರುತ್ತಿದ್ದೆ ಎಂದೆ. ಗಿರಿಜೆ ಬಸವಣ್ಣನ ಬೆನ್ನಿನ ಮೇಲಿನ ತರಗೆಲೆಗಳನ್ನು ಗುಡಿಸುತ್ತಿದ್ದಳು.

"ಆ ದಾರಿ ಯಾವಾಗ್ಲೂ ಖಾಲಿನೇ ಇರ್ತಿತ್ತಲ್ಲ ರೀ" ಎಂದಳು. "ಒಂದ್ ದಿನ ದಾಟ್ಕೊಂಡ್ ಬರಬಹುದಿತ್ತು."

ನಾನು ಎದ್ದು ಸೈಕಲ್ಲಿನ ಗಾಳಿ ನೋಡಿದೆ. ಗಾಳಿ ಸರಿಯಾಗಿಯೇ ಇತ್ತು. ಈಗಲೂ ನಾನು ಬೈಯುವುದು ಆ ಕುದುರೆಯನ್ನೇ. ಅದು ಎದುರು ಮಾತಾಡುವುದಿಲ್ಲ.