ದುರ್ಬೀನು ಕಟ್ಟಿದ ಕೋವಿ

ಕೋವಿಯ ಮೇಲೆ ದುರ್ಬೀನು ಕೂರಿಸುವುದು ಗೋಡೆ ಗಡಿಯಾರ ಬಿಚ್ಚಿ ಜೋಡಿಸುವುದಕ್ಕಿಂತ ಸುಲಭದ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ನಮ್ಮ ಮನೆಯ ಗಡಿಯಾರವನ್ನು ಬಿಚ್ಚಿದ ಅನುಭವ ನನಗಿತ್ತು. ಜೋಡಿಸಿದ್ದು ಬೇರೆಯವರು.

ಅಣ್ಣನ ಗದ್ದೆ ಕಕ್ಕಿಂಜೆಯಲ್ಲಿ, ಕಾಡಿನ ಅಂಚಿಗೆ. ನನ್ನ ಬಟ್ಟೆ ಅಂಗಡಿ ಬೆಳ್ತಂಗಡಿಯಲ್ಲಿ. ಚಳಿಗಾಲದ ಭತ್ತದ ಬೆಳೆ ಸುಗ್ಗಿ, ಅದು ತೆನೆ ಕಟ್ಟುವಾಗ ಕಾಡುಹಂದಿಗಳು ಇಳಿಯುತ್ತವೆ. ಅವುಗಳಿಗೆ ಉತ್ತರ ಕೊಡಲು ಅಣ್ಣನಲ್ಲಿ ಲೈಸೆನ್ಸಿನ ರೈಫಲ್ ಇತ್ತು. ಆ ವರ್ಷ ಅವನ ಕಣ್ಣು ಮಂಜಾಯಿತು. ನಳಿಗೆಯ ತುದಿಯ ಗುರಿಮಣಿ ಕಾಣುವುದಿಲ್ಲ ಎಂದು ಒಮ್ಮೆ ಹೇಳಿದ, ಮತ್ತೆ ಹೇಳಲಿಲ್ಲ. ಲೈಸೆನ್ಸು ಹೊಸದು ಮಾಡಿಸುವ ಸಮಯ ಬಂದಾಗ ಮಾತ್ರ, ಕೋವಿಯನ್ನು ಠಾಣೆಗೆ ಒಪ್ಪಿಸಿಬಿಡುವುದಾಗಿ ತಿಳಿಸಿದ.

"ಕಾಣದವನ ಕೈಯಲ್ಲಿ ಕೋವಿ ಯಾಕೆ ಮಾರಾಯ?"

ಅಂದಿನಿಂದ ಅವನು ಗದ್ದೆಯ ಕಡೆ ಹೋಗುವುದನ್ನೇ ಬಿಟ್ಟಿದ್ದಾನೆ, ಊಟವೂ ಕಡಿಮೆಯಾಗಿದೆ ಎಂದು ಅತ್ತಿಗೆ ಹೇಳಿಕಳಿಸಿದರು. ಆಗ ಘಾಟಿಯ ಮೇಲಿನ ಎಸ್ಟೇಟಿನ ದೊರೆಯೊಬ್ಬ ಊರು ಬಿಡುವವನಿದ್ದು, ಸಾಮಾನು ಮಾರುತ್ತಿದ್ದ. ಕೋವಿಯ ಮೇಲೆ ಕೂರಿಸುವ ದುರ್ಬೀನು ಅಲ್ಲಿ ಸಿಕ್ಕಿತು. ದೂರದ್ದು ಹತ್ತಿರ ಕಾಣುತ್ತದೆ, ಗುರಿಮಣಿಯ ಅಗತ್ಯವೇ ಇಲ್ಲ. ಅಣ್ಣನ ಸಮಸ್ಯೆ ಮುಗಿಯಿತು ಎಂದುಕೊಂಡು ಬಸ್ಸು ಹತ್ತಿದೆ.

ಎರಡು ಉಕ್ಕಿನ ಬಳೆಗಳಲ್ಲಿ ದುರ್ಬೀನನ್ನು ಹಿಡಿಸಿ ತಿರುಪು ಬಿಗಿದೆ. ಮಳೆಗಾಲದಲ್ಲಿ ತುಕ್ಕು ಹಿಡಿಯಬಾರದೆಂಬ ದೂರಾಲೋಚನೆಯಿಂದ ಬಳೆಗಳ ಒಳಗೆ ಧಾರಾಳವಾಗಿ ತೆಂಗಿನೆಣ್ಣೆ ಸವರಿದೆ. ಈ ದೂರಾಲೋಚನೆಯ ಬಗ್ಗೆ ನಾನು ಯಾರಿಗೂ ಹೇಳಲಿಲ್ಲ. ಹೊಗಳಿಸಿಕೊಳ್ಳುವ ಸ್ವಭಾವ ನನ್ನದಲ್ಲ.

ಗುಡ್ಡದ ಕಡಿದಾದ ಮಣ್ಣಿನ ಬರೆಗೆ ಅಕ್ಕಿ ಗೇರುವ ಹಳೆಯ ಗೆರಸೆ ಒರಗಿಸಿ, ನಡುವೆ ಸುಣ್ಣದ ಬೊಟ್ಟು ಇಟ್ಟೆ. ಚಳಿಯ ಬೆಳಿಗ್ಗೆ, ಮೊದಲ ಗುಂಡು ಬೊಟ್ಟಿನ ಪಕ್ಕಕ್ಕೇ ಬಿತ್ತು. ಕೆಲಸ ಮುಗಿಯಿತೆಂದು ತಿಂಡಿ ತಿಂದೆ. ಬಿಸಿಲು ಏರಿದ ಮೇಲೆ ಅಣ್ಣನಿಗೆ ತೋರಿಸಲು ಹೊಡೆದ ಗುಂಡು ಗೆರಸೆಯನ್ನೇ ಮುಟ್ಟಲಿಲ್ಲ. ದುರ್ಬೀನಿನ ಗುರಿ ಹೊಂದಿಸುವ ತಿರುಪು ಎಡಕ್ಕೆ ತಿರುಗಿಸಿದೆ. ಗುಂಡು ಬಲಕ್ಕೆ ಹೋಯಿತು. ಬಲಕ್ಕೆ ತಿರುಗಿಸಿದೆ. ಇನ್ನೂ ಬಲಕ್ಕೆ ಹೋಯಿತು. ಮುಂದಿನದಕ್ಕೆ ಅತ್ತಿಗೆಯ ಪಪ್ಪಾಯಿ ಉದುರಿತು. ಅವರು ಅದನ್ನು ಹೆಕ್ಕಿ ತಂದು ನನ್ನ ಮುಂದಿಟ್ಟು, ಇದು ಇನ್ನೂ ಹಣ್ಣಾಗಿರಲಿಲ್ಲ ಎಂದಷ್ಟೇ ಹೇಳಿದರು.

ಮರುದಿನ ಬೆಳಿಗ್ಗೆ ಎಲ್ಲವನ್ನೂ ಮೊದಲಿನಂತೆ ಹೊಂದಿಸಿದಾಗ ಕೋವಿ ಪುನಃ ಪ್ರಾಮಾಣಿಕವಾಗಿತ್ತು. ಮಧ್ಯಾಹ್ನ ಕೆಟ್ಟಿತು. ಒಂದು ವಾರ ಅಂಗಡಿ ಮುಚ್ಚಿ ಇದೇ ಕೆಲಸ ಮಾಡಿದೆ. ತಪ್ಪು ತೋಟೆಯೊಳಗಿನ ಮದ್ದಿನದ್ದೆಂದೆ, ಗಾಳಿಯದ್ದೆಂದೆ, ಕೊನೆಗೆ ಗೆರಸೆಯದ್ದೆಂದೆ. ಹೊಡೆದಾಗಲೆಲ್ಲ ದುರ್ಬೀನು ಹಿಂದಕ್ಕೆ ಬಂದು ಹುಬ್ಬಿಗೆ ಬಡಿಯುತ್ತಿತ್ತು. ನನ್ನ ಮುಖವೇ ಮುಂದೆ ಹೋಗುತ್ತಿದೆ ಎಂದುಕೊಂಡೆ.

ಸದ್ದು ಕೇಳಿ ಬಂದ ನೆರೆಮನೆಯ ಪದ್ಮರಾಜಣ್ಣ ಮೂಡಬಿದಿರೆ ಕಡೆಯ ಜೈನರು, ಇರುವೆಯನ್ನೂ ದಾಟಿ ನಡೆಯುವವರು. ಜಗಲಿಯಲ್ಲಿ ಕೂತು ಬಹಳ ಹೊತ್ತು ನೋಡಿದರು.

"ಈ ದುರ್ಬೀನು ತೆಗೆಯಬೇಡಿ ಮಾರಾಯ್ರೆ," ಎಂದರು. "ಊರಿನ ಎಲ್ಲ ಕೋವಿಗೂ ಇಂಥದ್ದೇ ಒಂದು ಹಾಕಿಸುವ."

ಅಣ್ಣ ನಗಲಿಲ್ಲ. ಸೋಮವಾರ ಠಾಣೆಗೆ ಹೋಗುವ, ನೀನೂ ಬಾ ಎಂದ. ನಾನು ಕೊನೆಯದಾಗಿ ಒಮ್ಮೆ ಗುರಿ ಹಿಡಿದೆ. ನಡುಮಧ್ಯಾಹ್ನ. ಕೆನ್ನೆಯ ಮೇಲೆ ಏನೋ ಇಳಿದು ಮೀಸೆಗೆ ಬಂತು. ಅಳುತ್ತಿದ್ದೇನೆಂದು ಅಣ್ಣ ಹತ್ತಿರ ಬಂದ. ಬೆರಳಲ್ಲಿ ಒರೆಸಿ ಮೂಸಿದ.

"ಕೋವಿಗೆ ಎಣ್ಣೆಸ್ನಾನ ಮಾಡಿಸಿದ್ದೀಯಾ?"

ಬೆಳಗಿನ ಚಳಿಗೆ ಗಟ್ಟಿಯಾಗಿ ದುರ್ಬೀನನ್ನು ಹಿಡಿದುಕೊಳ್ಳುತ್ತಿದ್ದ ತೆಂಗಿನೆಣ್ಣೆ, ಬಿಸಿಲಿಗೆ ಕರಗಿ ಅದನ್ನು ಜಾರಿಸುತ್ತಿತ್ತು. ಅಣ್ಣ ನೆಲದಲ್ಲೇ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಸೀಮೆಎಣ್ಣೆಯಲ್ಲಿ ಬಳೆಗಳನ್ನು ತೊಳೆದು ಒರೆಸಿ ಬಿಗಿದೆವು. ಅವನೇ ಹೊಡೆದ. ಸುಣ್ಣದ ಬೊಟ್ಟು ಇದ್ದಲ್ಲಿ ತೂತಾಯಿತು.

"ಕಾಣ್ತದೆ," ಎಂದ, ಕೋವಿ ಇಳಿಸದೆ.

ನಾನು ಗೆದ್ದವನಂತೆ ಅಂಗಡಿಗೆ ಮರಳಿದೆ. ಮೂರನೇ ದಿನಕ್ಕೆ ಅತ್ತಿಗೆಯ ಕರೆ ಬಂತು. ಹಂದಿಗಳು ಒಂದು ಮೂಲೆಯ ಪೈರನ್ನು ಪೂರಾ ಮುಗಿಸಿದ್ದವು. ಮಬ್ಬುಗತ್ತಲಲ್ಲಿ ಅಣ್ಣನಿಗೆ ದುರ್ಬೀನಿನೊಳಗೆ ಏನೂ ಕಾಣಲಿಲ್ಲವಂತೆ. ನಾನು ಗುರಿ ತಪ್ಪುತ್ತಿದ್ದ ಆ ಇಡೀ ವಾರ, ಸದ್ದಿಗೆ ಹೆದರಿ ಒಂದು ಹಂದಿಯೂ ಗುಡ್ಡ ಇಳಿದಿರಲಿಲ್ಲ. ಕೋವಿ ಸರಿಯಾಯಿತು, ಸದ್ದು ನಿಂತಿತು, ಅವು ಬಂದವು.

"ಆ ಎಣ್ಣೆ ಪುನಃ ಹಾಕಿ," ಎಂದರು ಅತ್ತಿಗೆ.

ಆದರೆ ಅಣ್ಣ ಲೈಸೆನ್ಸು ಹೊಸದು ಮಾಡಿಸಿಕೊಂಡಿದ್ದ. ಹೊಡೆಯಲು ಕಣ್ಣು ಬೇಕು, ಹೆದರಿಸಲು ಬೇಡ ಎಂಬುದು ಅವನ ಹೊಸ ಸಿದ್ಧಾಂತ. ಮುಂದಿನ ವರ್ಷಗಳಲ್ಲೂ ಸುಗ್ಗಿ ಬಂದಾಗ ಸಂಜೆ ಬದುವಿನಲ್ಲಿ ನಿಂತು, ಗುಡ್ಡದ ಬರೆಗೆ ಒಂದು ಗುಂಡು ಹೊಡೆದು ಬಂದು ಉಣ್ಣುತ್ತಿದ್ದ. ಚೆನ್ನಾಗಿ ಉಣ್ಣುತ್ತಿದ್ದ.

ಈ ಮಳೆಗಾಲದ ಆಟಿ ತಿಂಗಳಲ್ಲಿ ಅವನು ತೀರಿಕೊಂಡ. ಕೋವಿ ನನ್ನ ಹೆಸರಿಗೆ ಬಂದಿದೆ. ಸುಗ್ಗಿ ತೆನೆ ಕಟ್ಟಿದೆ, ಅತ್ತಿಗೆಗೆ ವರ್ಷದ ಅಕ್ಕಿ ಅದೇ. ಮೊನ್ನೆ ಸಂಜೆ ಕತ್ತಲಾಗುವ ಮೊದಲೇ ಹೋಗಿ, ಅವನು ನಿಲ್ಲುತ್ತಿದ್ದ ಬದುವಿನಲ್ಲೇ ನಿಂತು ಹೊಡೆದೆ. ಆಮೇಲೆ ದುರ್ಬೀನಿನಲ್ಲಿ ನೋಡಿದೆ. ಹಂದಿಗಳು ಓಡಿರಲಿಲ್ಲ. ತಲೆ ಎತ್ತಿ, ನನ್ನ ಹಿಂದೆ ಬೇರೆ ಯಾರಾದರೂ ಇದ್ದಾರೆಯೇ ಎಂಬಂತೆ ಸ್ವಲ್ಪ ಹೊತ್ತು ನೋಡಿದವು. ನಾನೂ ತಿರುಗಿ ನೋಡಿದೆ.

ಯಾರೂ ಇರಲಿಲ್ಲ. ಅವು ಊಟ ಮುಂದುವರಿಸಿದವು.