ಮೂರು ತುಂಡಿನ ಕೊಳಲು

ವಿಚಿತ್ರ ವಾದ್ಯವೊಂದನ್ನು ಬಗಲಲ್ಲಿಟ್ಟುಕೊಂಡು ಊರೂರಿಗೆ ವರ್ಗವಾಗುವ ಮಾಸ್ತರನನ್ನು ಫಜೀತಿಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಎಪ್ಪತ್ತರ ದಶಕದ ಮಾತು. ಪುಣೆಯಲ್ಲಿ ನನಗೆ ಸಂಗೀತ ಕಲಿಸಿದ ಜರ್ಮನ್ ಗುರುಗಳು ತಮ್ಮೂರಿಗೆ ಮರಳುವಾಗ ತಮ್ಮ ಕಟ್ಟಿಗೆಯ ಕೊಳಲನ್ನು ನನಗೆ ಕೊಟ್ಟುಹೋಗಿದ್ದರು. ಮುನ್ನೂರು ವರ್ಷದ ಹಿಂದೆ ಯುರೋಪಿನ ಅರಮನೆಗಳಲ್ಲಿ ನುಡಿಸುತ್ತಿದ್ದ ನಮೂನೆಯದು. ನೆಟ್ಟಗೆ ಹಿಡಿದು ಊದಬೇಕು.

ಮುದ್ದೇಬಿಹಾಳದ ಶಹನಾಯಿ

ಒಂದು ಮದುವೆಯಲ್ಲಿ ಶಹನಾಯಿಯವರ ಪಕ್ಕದಲ್ಲೇ ಊಟಕ್ಕೆ ಕೂತಿದ್ದೆ. ಸುಮ್ಮನಿರಲಾಗದೆ ಶುರುಮಾಡಿದೆ.

"ನಿಮ್ಮ ಶಹನಾಯಿ ಹಂಗ ಜೋರ ದನೀದು ಒಂದು ವಾದ್ಯ ಯುರೋಪಿನ್ಯಾಗೂ ಇತ್ರಿ. ಫ್ರಾನ್ಸಿನ ರಾಜನ ಆಸ್ಥಾನದವರು ಅದರ ದನಿ ಮೆತ್ತಗ ಮಾಡಿ, ಮನಿ ಒಳಗ ಕೂತು ನುಡಿಸೂ ಹಂಗ ಮಾಡಿದ್ರು. ಅದಕ್ಕ ಓಬೋ ಅಂತಾರ."

ಅವರು ಹೋಳಿಗೆ ಮುರಿಯುವುದನ್ನು ನಿಲ್ಲಿಸಿ ಯೋಚಿಸಿದರು.

"ಅಲ್ರಿ ಮಾಸ್ತರ, ದನಿ ಅಷ್ಟ ಮೆತ್ತಗಾದ್ರ ಬೀಗರ ಜಗಳ ಹೊರಗ ಕೇಳೂದಿಲ್ಲೇನ್ರಿ?"

ಇಂಡಿ ಊರಿನ ರಿಪೇರಿ

ಹಿಂದೆ ಇಂಥ ಕೊಳಲು ಒಂದೇ ತುಂಡಿನದಾಗಿತ್ತಂತೆ. ಆಮೇಲಿನ ಕುಶಲಕರ್ಮಿಗಳು ಮೂರು ತುಂಡು ಮಾಡಿ ಜೋಡಿಸುವ ಉಪಾಯ ಹೂಡಿದರು; ಒಳಗೆ ಕೊರೆಯಲೂ ಸುಲಭ, ಸ್ವರ ಕೂಡಿಸಲೂ ಸುಲಭ. ನನ್ನ ಕೊಳಲಿನ ಒಂದು ಜೋಡಣೆ ಸಡಿಲಾಗಿತ್ತು. ಬಡಿಗೇರರ ಕೈಗೆ ಕೊಟ್ಟು ಊಟಕ್ಕೆ ಹೋದೆ. ಬರುವಷ್ಟರಲ್ಲಿ ಮೂರೂ ತುಂಡಿಗೆ ಅಂಟು ಹಾಕಿ, ಮೇಲೆ ಪಾಲಿಶನ್ನೂ ಬಳಿದಿದ್ದರು.

"ಯಾವ ಪುಣ್ಯಾತ್ಮ ಮುರದಿದ್ನೋ ಏನೋ! ಇನ್ನ ನಿಮ್ಮ ಮೊಮ್ಮಕ್ಕಳು ಜಗ್ಗಿದ್ರೂ ಬಿಚ್ಚೂದಿಲ್ರಿ."

ಯುರೋಪಿನವರು ಪಟ್ಟ ಕಷ್ಟವೆಲ್ಲ ಒಂದು ಊಟದ ಹೊತ್ತಿನಲ್ಲಿ ನೀರುಪಾಲಾಯಿತು.

ಬಾಗೇವಾಡಿಯ ಹೆಣ್ಣು

ಬಸವನ ಬಾಗೇವಾಡಿಗೆ ಹೆಣ್ಣು ನೋಡಲು ಹೋಗಿದ್ದೆ. ಹುಡುಗಿಯ ಕಾಕಾ, "ಅದೇನೋ ಊದ್ತೀರಂತಲ್ಲ, ಊದ್ರಿ ನೋಡೂಣು" ಎಂದರು. ಆ ಹಳೆಯ ಸಂಗೀತದಲ್ಲಿ ಪ್ರತಿ ಭಾಗವನ್ನೂ ಎರಡು ಸಲ ನುಡಿಸುವ ರೂಢಿ; ಎರಡನೆಯ ಸಲ ಅದಕ್ಕಿಷ್ಟು ಅಲಂಕಾರ. ಒಳಗಿದ್ದ ಹುಡುಗಿ ಮೆಚ್ಚಬೇಕಲ್ಲ! ಮೊದಲ ಭಾಗ ಮುಗಿಸಿ ಮತ್ತೆ ಅದನ್ನೇ ಎತ್ತಿಕೊಂಡೆ. ಕಾಕಾ ಕೈ ಅಡ್ಡ ಮಾಡಿದರು.

"ಮಾಸ್ತರ, ಇದನ್ನ ಈಗಷ್ಟ ಊದಿದ್ರಿ."

"ಎರಡ ಸಲ ನುಡಿಸೂ ಪದ್ಧತಿ ಐತ್ರಿ."

ಒಳಗಿನಿಂದ ಹುಡುಗಿಯ ದನಿ ಬಂತು: "ಕಾಕಾ, ಮಾತಾಡೂವಾಗೂ ಹೇಳಿದ್ದನ್ನ ಎರಡೆರಡ ಸಲ ಹೇಳ್ತಾರೇನು, ಕೇಳು."

ನಾನು ಗಾಬರಿಯಾಗಿ ಕೂಗಿದೆ: "ಇಲ್ರೀ! ಇಲ್ರೀ!"

ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಡುಗಿ ನಗು ತಡೆಯುತ್ತಲೇ ಚಹಾ ತಂದಿಟ್ಟು, ಕಾಕಾನ ಕಿವಿಯಲ್ಲಿ ಏನೋ ಹೇಳಿ ಒಳಗೆ ಓಡಿದಳು.

"ನಮ್ಮ ಹುಡುಗಿಗಿ ಪಸಂದ ಬಂದೀರಂತ. ನಿಮಗ?"

"ಪಸಂದ್ರಿ" ಎಂದೆ. ಎರಡನೆಯ "ಪಸಂದ್ರಿ" ನಾಲಿಗೆಯ ತುದಿಗೆ ಬಂದಿತ್ತು. ಬಿಸಿ ಚಹಾದ ಜೊತೆ ನುಂಗಿಬಿಟ್ಟೆ.